‘ಅಂಥದ್ದೇ ಇನ್ನೊಂದು ಅನಿಮೆ ಹೇಳಿ’ ಎಂದವರಿಗೆ ಏನು ಹೇಳಬೇಕು?

ಮನಸ್ಸಿಗೆ ಹತ್ತಿರವಾದ ಅನಿಮೆ (ಜಪಾನಿನ ಅನಿಮೇಷನ್) ಸರಣಿಯೊಂದರ ಕೊನೆಯ ಕಂತು ಮುಗಿದ ರಾತ್ರಿ ಮನೆಯಲ್ಲಿ ಯಾರೋ ಊರಿಗೆ ಹೊರಟುಹೋದಂಥ ಖಾಲಿತನ ಆವರಿಸುತ್ತದೆ. ವಾರಗಟ್ಟಲೆ ಜೊತೆಗಿದ್ದ ಪಾತ್ರಗಳು ಇನ್ನು ಬರುವುದಿಲ್ಲ ಎಂಬುದು ಅರಿವಾಗುತ್ತಲೇ ನೋಡುಗರು ತಮಗಿಂತ ಹೆಚ್ಚು ನೋಡಿರುವ ಯಾರನ್ನಾದರೂ ಹುಡುಕಿಕೊಂಡು ಹೋಗಿ, ‘ಅಂಥದ್ದೇ ಇನ್ನೊಂದು ಇದ್ದರೆ ಹೇಳಿ’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವೆಂದು ನಾನು ಬಹಳ ಕಾಲ ನಂಬಿದ್ದೆ. ಹಾಗೆ ನಂಬಿ ಕೊಟ್ಟ ಒಂದು ಉತ್ತರ ಇಂದಿಗೂ ನನ್ನನ್ನು ಕಾಡುತ್ತದೆ.

ನನ್ನ ಚಿಕ್ಕಮ್ಮನ ಮಗಳು ತನ್ನ ಏಳು ವರ್ಷದ ಮಗಳ ಜೊತೆ ‘ಮೈ ನೇಬರ್ ಟೊಟೊರೊ’ ಚಲನಚಿತ್ರವನ್ನು ನೋಡಿ, ಸಂತೋಷಪಟ್ಟು, ಮುಂದಿನ ಭಾನುವಾರಕ್ಕೆ ಅಂಥದ್ದೇ ಇನ್ನೊಂದನ್ನು ಕೇಳಿದಳು. ನಾನು ಹಿಂದೆಮುಂದೆ ನೋಡದೆ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎಂದೆ. ಹೋಲಿಕೆಗೆ ಕೊರತೆಯೇನೂ ಇರಲಿಲ್ಲ. ಎರಡೂ ಸ್ಟುಡಿಯೋ ಘಿಬ್ಲಿಯವು. ಎರಡೂ 1988ರ ಏಪ್ರಿಲ್ 16ರಂದು ಜಪಾನಿನ ಚಿತ್ರಮಂದಿರಗಳಲ್ಲಿ ಜೋಡಿಯಾಗಿ ಬಿಡುಗಡೆಯಾದವು. ಎರಡರಲ್ಲೂ ತಾಯಿ ಜೊತೆಗಿಲ್ಲದ ಇಬ್ಬರು ಮಕ್ಕಳಿದ್ದಾರೆ. ಆದರೆ ಹಯಾವೊ ಮಿಯಾಜಾಕಿಯವರ ಟೊಟೊರೊ ಹಳ್ಳಿಯ ಮರದ ಪೊಟರೆಯಲ್ಲಿ ಮಕ್ಕಳು ಕಂಡುಕೊಳ್ಳುವ ಬೆರಗಿನ ಕಥೆ; ಇಸಾವೊ ತಕಹಾತಾ ಅವರದು ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಕೋಬೆ ನಗರದ ಮೇಲೆ ಬೆಂಕಿಬಾಂಬುಗಳು ಬಿದ್ದ ಬಳಿಕ ಹಸಿವಿನಲ್ಲಿ ನವೆಯುವ ಅಣ್ಣ ತಂಗಿಯರ ಕಥೆ. ಆ ಮಗು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಚಿತ್ರ ಶ್ರೇಷ್ಠವಾದದ್ದೇ, ಆ ಮನೆಗೆ, ಆ ಭಾನುವಾರಕ್ಕೆ ಅದನ್ನು ಹೇಳಿದ್ದು ತಪ್ಪು.

ಅಲ್ಲಿಂದೀಚೆಗೆ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ. ಸ್ನೇಹಿತರಿಗೆ, ತಮ್ಮ ತಂಗಿಯರಿಗೆ, ಕಾಲೇಜಿನ ಕಿರಿಯರಿಗೆ ಅನಿಮೆ ಸೂಚಿಸುವ ಹೊಣೆ ಯಾರ ಮೇಲೆ ಬೀಳುತ್ತದೆಯೋ ಅವರಿಗೆಲ್ಲ ಇದು ಉಪಯೋಗಕ್ಕೆ ಬರಬಹುದು.

ಹೆಜ್ಜೆ 1: ಹೆಸರು ಹೇಳುವ ಮೊದಲು ಮೂರು ಪ್ರಶ್ನೆ ಕೇಳಿ

ಯಾರಾದರೂ ‘ಡೆತ್ ನೋಟ್ ನೋಡಿ ಮುಗಿಸಿದೆ, ಅಂಥದ್ದೇ ಬೇಕು’ ಎಂದಾಗ ನಾಲ್ಕಾರು ಹೆಸರುಗಳು ನಾಲಿಗೆಯ ತುದಿಗೆ ತಾವಾಗಿ ಬಂದುಬಿಡುತ್ತವೆ. ಅವನ್ನು ಅಲ್ಲಿಯೇ ತಡೆಹಿಡಿದು ಮೂರು ಪ್ರಶ್ನೆಗಳನ್ನು ಕೇಳಿ. ಕಣ್ಣು ಮುಚ್ಚಿದರೆ ಈಗಲೂ ಎದುರಿಗೆ ಬರುವ ದೃಶ್ಯ ಯಾವುದು? ಯಾವ ಭಾಗದಲ್ಲಿ ಬೇಸರವಾಗಿ ಕೈ ಫೋನಿನ ಕಡೆ ಹೋಯಿತು? ಇದಕ್ಕೂ ಮೊದಲು ಯಾವ ಸರಣಿಯನ್ನು ಅರ್ಧಕ್ಕೆ ಬಿಟ್ಟಿದ್ದೀರಿ? ‘ಯಾವ ಪ್ರಕಾರ ಇಷ್ಟ’ ಎಂದು ಕೇಳಿದರೆ ‘ಥ್ರಿಲ್ಲರ್’ ಎಂಬ ಒಂದೇ ಪದ ಉತ್ತರವಾಗಿ ಬರುತ್ತದೆ. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ದೃಶ್ಯ ಯಾವುದೆಂದು ಕೇಳಿದರೆ ಎದುರಿನವರು ನಿಜವಾಗಿ ಮಾತನಾಡತೊಡಗುತ್ತಾರೆ, ಮತ್ತು ಆ ಮಾತಿನಲ್ಲಿ ಅವರಿಗೆ ಬೇಕಾದದ್ದು ಹೊರಬರುತ್ತದೆ.

2006ರಲ್ಲಿ ಆರಂಭವಾಗಿ 37 ಕಂತುಗಳಲ್ಲಿ ಮುಗಿದ ‘ಡೆತ್ ನೋಟ್’ ಅನ್ನೇ ನೋಡೋಣ. ಹೆಸರು ಬರೆದರೆ ಆ ಹೆಸರಿನವರು ಸಾಯುವ ಪುಸ್ತಕವೊಂದು ಬುದ್ಧಿವಂತ ವಿದ್ಯಾರ್ಥಿಯ ಕೈಗೆ ಸಿಗುತ್ತದೆ. ಅವನನ್ನು ಹಿಡಿಯಲು ಎಲ್ ಎಂಬ ಪತ್ತೇದಾರ ಹೊರಡುತ್ತಾನೆ. ಇದನ್ನು ಇಷ್ಟಪಟ್ಟ ನಾಲ್ವರನ್ನು ಕೂರಿಸಿ ಕೇಳಿದರೆ ನಾಲ್ಕು ಬೇರೆ ಬೇರೆ ಕಾರಣಗಳು ಸಿಗುತ್ತವೆ.

ಇಬ್ಬರು ಜಾಣರು ಚದುರಂಗದ ಕಾಯಿ ನಡೆಸುವಂತೆ ಒಬ್ಬರನ್ನೊಬ್ಬರು ಕಟ್ಟಿಹಾಕುವ ಪರಿ ಇಷ್ಟವಾದವರಿಗೆ ‘ಕೋಡ್ ಗಿಯಾಸ್’ ಸರಿಹೊಂದುತ್ತದೆ. ದೇಶಭ್ರಷ್ಟನಾದ ರಾಜಕುಮಾರನೊಬ್ಬ ಯಾರಿಗಾದರೂ ಒಂದು ಸಲ ಎದುರಾಡದಂತೆ ಆಜ್ಞೆ ಕೊಡುವ ಶಕ್ತಿ ಪಡೆದು, ಮುಖವಾಡ ತೊಟ್ಟು, ಸಾಮ್ರಾಜ್ಯವೊಂದನ್ನು ಎದುರಿಸುವ ಈ ಕಥೆ 25 ಕಂತುಗಳ ಎರಡು ಸೀಸನ್‌ಗಳಲ್ಲಿ ಹರಡಿದೆ. ಆದರೆ ಇದರಲ್ಲಿ ದೈತ್ಯ ಯಂತ್ರಗಳ ಯುದ್ಧವಿದೆ, ನಡುನಡುವೆ ಶಾಲೆಯ ತಮಾಷೆಯೂ ಇದೆ ಎಂಬುದನ್ನು ಮೊದಲೇ ತಿಳಿಸಬೇಕು. ಇಲ್ಲದಿದ್ದರೆ ಮೂರನೇ ಕಂತಿಗೆ ‘ಇದೇನು ಹೇಳಿಬಿಟ್ಟಿರಿ’ ಎಂಬ ಮಾತು ಕೇಳಬೇಕಾಗುತ್ತದೆ. ಯಂತ್ರಗಳು ಬೇಡ, ತಲೆಯ ಆಟ ಮಾತ್ರ ಸಾಕು ಎನ್ನುವವರಿಗೆ ಸಾಲದಲ್ಲಿ ಮುಳುಗಿದ ಯುವಕನೊಬ್ಬ ಜೀವವನ್ನೇ ಪಣಕ್ಕಿಟ್ಟು ಜೂಜಾಡುವ ‘ಕಾಯಿಜಿ’ ಇದೆ. ಅದರ ಪಾತ್ರಗಳ ಉದ್ದ ಮೂಗಿನ, ಒರಟು ಗೆರೆಯ ಚಿತ್ರಣಕ್ಕೆ ಕಣ್ಣು ಒಗ್ಗಲು ಎರಡು ಕಂತು ಬೇಕು.

ಒಳ್ಳೆಯದನ್ನು ಮಾಡುತ್ತೇನೆಂದು ಹೊರಟವನು ಮೆಲ್ಲಗೆ ಕೆಡುಕಿಗೆ ಇಳಿಯುವ ಬಗೆ ಯಾರನ್ನು ತಟ್ಟಿತೋ ಅವರಿಗೆ ನಾನು ‘ಮಾನ್‌ಸ್ಟರ್’ ಹೇಳುತ್ತೇನೆ. ನವೊಕಿ ಉರಸಾವಾ ಅವರ ಮಂಗಾವನ್ನು (ಜಪಾನಿ ಚಿತ್ರಕಥೆಯನ್ನು) ಆಧರಿಸಿದ, 2004ರಲ್ಲಿ ಆರಂಭವಾದ ಈ ಸರಣಿಯಲ್ಲಿ ಜರ್ಮನಿಯಲ್ಲಿರುವ ಜಪಾನಿ ಶಸ್ತ್ರವೈದ್ಯನೊಬ್ಬ ಮೇಯರ್‌ನನ್ನು ಬಿಟ್ಟು ಹುಡುಗನೊಬ್ಬನ ಜೀವ ಉಳಿಸುತ್ತಾನೆ. ಆ ಒಂದು ನಿರ್ಧಾರದ ಬೆಲೆಯನ್ನು 74 ಕಂತುಗಳ ಉದ್ದಕ್ಕೂ ತೆರುತ್ತಾನೆ. ಇಲ್ಲಿ ಮಾಯೆಯಿಲ್ಲ, ಅವಸರವಿಲ್ಲ. ಸಮಾಜವೇ ನ್ಯಾಯತಕ್ಕಡಿಯನ್ನು ಯಂತ್ರದ ಕೈಗೆ ಕೊಟ್ಟರೆ ಏನಾದೀತು ಎಂಬ ಪ್ರಶ್ನೆಯಲ್ಲಿ ಆಸಕ್ತಿ ಇರುವವರಿಗೆ, ಮನುಷ್ಯರ ಮನಸ್ಸನ್ನು ಅಳೆದು ಅಪರಾಧವನ್ನು ಮೊದಲೇ ಗುರುತಿಸುವ ವ್ಯವಸ್ಥೆಯ ಸುತ್ತ ಹೆಣೆದ 2012ರ ‘ಸೈಕೋ ಪಾಸ್’ ಹೆಚ್ಚು ಹತ್ತಿರವಾಗುತ್ತದೆ. ಇನ್ನು ಕಂತಿನಿಂದ ಕಂತಿಗೆ ಓಡಿಸಿಕೊಂಡು ಹೋಗುವ ಬಿಗಿಯೇ ಬೇಕೆನ್ನುವವರಿಗೆ ‘ದ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ನ 2019ರ ಮೊದಲ ಸೀಸನ್, ಅಂದರೆ 12 ಕಂತುಗಳು ಸಾಕು. ಎರಡನೆಯ ಸೀಸನ್ ಮೂಲ ಮಂಗಾದ ದೊಡ್ಡ ಭಾಗಗಳನ್ನು ಬಿಟ್ಟು ಓಡುವುದರಿಂದ ಅಲ್ಲಿಂದ ಮುಂದಕ್ಕೆ ಮಂಗಾ ಓದುವಂತೆ ಹೇಳುವುದು ಮೇಲು.

ಒಂದೇ ಪ್ರಶ್ನೆಗೆ ಐದು ಉತ್ತರಗಳಿದ್ದು, ಕೇಳಿದವರಿಗೆ ಅವುಗಳಲ್ಲಿ ಒಂದೋ ಎರಡೋ ಮಾತ್ರ ಹೊಂದುತ್ತವೆ. ಐದನ್ನೂ ಒಟ್ಟಿಗೆ ಹೇಳಿದರೆ ಆರಿಸುವ ಹೊರೆಯನ್ನು ಅವರ ಮೇಲೆಯೇ ಹೊರಿಸಿದಂತಾಗುತ್ತದೆ.

ಹೆಜ್ಜೆ 2: ಹಣೆಪಟ್ಟಿಗಳನ್ನು ಪಕ್ಕಕ್ಕಿಡಿ

ಅನಿಮೆ ಲೋಕದಲ್ಲಿ ಹೋಲಿಕೆಗೆ ಬಳಕೆಯಾಗುವ ಹಣೆಪಟ್ಟಿಗಳು ಹಲವು. ಅವುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ‘ಶೋನೆನ್’, ‘ಸೇನೆನ್’, ‘ಶೋಜೊ’, ‘ಜೋಸೆ’ ಎಂಬ ವಿಂಗಡಣೆ. ಇವು ಕಥೆಯ ಪ್ರಕಾರಗಳಲ್ಲ. ಮೂಲ ಮಂಗಾ ಪ್ರಕಟವಾದ ಪತ್ರಿಕೆ ಯಾವ ಓದುಗರಿಗಾಗಿ ಇದೆ ಎಂಬುದನ್ನಷ್ಟೇ ಹೇಳುತ್ತವೆ: ಹುಡುಗರು, ವಯಸ್ಕ ಗಂಡಸರು, ಹುಡುಗಿಯರು, ವಯಸ್ಕ ಹೆಂಗಸರು. ಕಡಲ್ಗಳ್ಳರ ಸಾಹಸದ ‘ಒನ್ ಪೀಸ್’ ಮತ್ತು ಕೊಲೆಗಳ ಲೆಕ್ಕಾಚಾರದ ‘ಡೆತ್ ನೋಟ್’ ಎರಡೂ ಬಂದದ್ದು ಹುಡುಗರ ಒಂದೇ ವಾರಪತ್ರಿಕೆಯಲ್ಲಿ. ‘ವಿನ್‌ಲ್ಯಾಂಡ್ ಸಾಗಾ’ ಆರಂಭವಾದದ್ದು ಹುಡುಗರ ವಾರಪತ್ರಿಕೆಯಲ್ಲಿ. 2005ರಲ್ಲೇ ಅದು ವಯಸ್ಕರ ಮಾಸಪತ್ರಿಕೆಗೆ ಸ್ಥಳಾಂತರವಾಯಿತು. ಕಥೆ ಅದೇ, ಹಣೆಪಟ್ಟಿ ಬದಲಾಯಿತು.

ಸ್ಟುಡಿಯೋದ ಹೆಸರೂ ಬಹಳ ಸಲ ಸಹಾಯಕ್ಕೆ ಬರುವುದಿಲ್ಲ. ‘ಡೆತ್ ನೋಟ್’, ‘ಮಾನ್‌ಸ್ಟರ್’, ‘ಒನ್ ಪಂಚ್ ಮ್ಯಾನ್’ನ ಮೊದಲ ಸೀಸನ್, ಈಚಿನ ‘ಫ್ರೀರೆನ್’ ಎಲ್ಲವೂ ಮ್ಯಾಡ್‌ಹೌಸ್ ಸ್ಟುಡಿಯೋದವು. ಇವುಗಳ ನಡುವೆ ಏನು ಸಂಬಂಧ? ತನ್ನದೇ ಕಲಾವಿದರನ್ನು ಒಳಗೇ ಬೆಳೆಸಿಕೊಂಡು ಬಂದ ಕ್ಯೋಟೊ ಅನಿಮೇಷನ್‌ನಂಥ ಸಂಸ್ಥೆಗಳಲ್ಲಿ ಮಾತ್ರ ಬೆಳಕು, ಕಣ್ಣು, ಕೈಬೆರಳುಗಳ ಸೂಕ್ಷ್ಮ ಚಲನೆಯಲ್ಲಿ ಒಂದು ಕುಟುಂಬದ ಚಹರೆ ಕಾಣುತ್ತದೆ.

ನಿರ್ದೇಶಕರ ಹೆಸರು ಇವೆಲ್ಲಕ್ಕಿಂತ ನಂಬಲು ತಕ್ಕದ್ದು, ಅದೂ ಅವರು ಕಥೆಯನ್ನು ತಮ್ಮದೇ ರೀತಿಯಲ್ಲಿ ಹೇಳಿದ್ದರೆ. ಸತೋಷಿ ಕೋನ್ ಅವರ ‘ಪರ್ಫೆಕ್ಟ್ ಬ್ಲೂ’ ನೋಡಿ, ಕನಸು ಮತ್ತು ಎಚ್ಚರಗಳ ನಡುವಿನ ಗೆರೆ ಅಳಿಸಿಹೋಗುವ ಬಗೆಯನ್ನು ಮೆಚ್ಚಿದವರು ‘ಪ್ಯಾಪ್ರಿಕಾ’ವನ್ನು, 13 ಕಂತುಗಳ ‘ಪ್ಯಾರನೋಯಾ ಏಜೆಂಟ್’ ಅನ್ನು ಕಣ್ಣುಮುಚ್ಚಿ ನೋಡಬಹುದು. ಶಿನಿಚಿರೊ ವತನಬೆ ಅವರ 1998ರ ‘ಕೌಬಾಯ್ ಬೀಬಾಪ್’ನಲ್ಲಿ ಜಾಝ್ ಸಂಗೀತವೇ ಕಥೆಯ ನಡಿಗೆಯನ್ನು ನಿರ್ಧರಿಸುತ್ತದೆ, ಅವರ ‘ಸಾಮುರಾಯ್ ಚಾಂಪ್ಲೂ’ ಎದೊ ಕಾಲದ ಕತ್ತಿವರಸೆಗೆ ಹಿಪ್‌ಹಾಪ್ ತಾಳ ಹಾಕುತ್ತದೆ. ಒಂದು ಅಂತರಿಕ್ಷದಲ್ಲಿ, ಇನ್ನೊಂದು ಹಳೆಯ ಜಪಾನಿನಲ್ಲಿ ನಡೆದರೂ ಅಲೆಮಾರಿಗಳ ಬದುಕಿನ ಸ್ವಾದ ಎರಡರಲ್ಲೂ ಒಂದೇ. ಆದರೆ ಮಂಗಾವನ್ನು ತೆರೆಗೆ ತರುವಾಗ ನಿರ್ದೇಶಕರ ಹೆಸರೂ ಸೋಲಬಹುದು: ‘ಡೆತ್ ನೋಟ್’ ಮತ್ತು ‘ಅಟ್ಯಾಕ್ ಆನ್ ಟೈಟನ್’ನ ಮೊದಲ ಸೀಸನ್ ಎರಡನ್ನೂ ನಿರ್ದೇಶಿಸಿದವರು ತೆತ್ಸುರೊ ಅರಾಕಿ. ಆ ಹೋಲಿಕೆಯನ್ನು ನಂಬಿ ಒಂದರಿಂದ ಇನ್ನೊಂದಕ್ಕೆ ಹೋದವರು ಬೇರೊಂದು ಲೋಕಕ್ಕೇ ಹೋಗಿರುತ್ತಾರೆ.

ನಮ್ಮ ಕಾವ್ಯಮೀಮಾಂಸೆಗೆ ಈ ವಿಷಯದಲ್ಲಿ ಒಂದು ಒಳ್ಳೆಯ ಉಪಕರಣವಿದೆ. ಕಥಾವಸ್ತು ಬೇರೆ, ಅದರಿಂದ ಮನಸ್ಸಿನಲ್ಲಿ ನಿಲ್ಲುವ ರಸ ಬೇರೆ ಎಂಬುದು ನಮಗೆ ಶಾಲೆಯ ಕನ್ನಡ ಪಾಠಗಳಿಂದಲೇ ಗೊತ್ತು. ಅಂಥದ್ದೇ ಬೇಕು ಎನ್ನುವವರು ಹತ್ತರಲ್ಲಿ ಎಂಟು ಸಲ ವಸ್ತುವಿನ ಹೆಸರು ಹೇಳಿ ರಸವನ್ನು ಕೇಳುತ್ತಿರುತ್ತಾರೆ ಎಂಬುದು ನನ್ನ ಅನುಭವ. ವಾಲಿಬಾಲ್ ಕಥೆಯಾದ ‘ಹೈಕ್ಯೂ’ ಮೆಚ್ಚಿದವರಿಗೆ ಇನ್ನೊಂದು ಆಟದ ಸರಣಿಯೇ ಆಗಬೇಕೆಂದಿಲ್ಲ. ಆಟದ ಬಿಸಿಯೇ ಬೇಕಿದ್ದರೆ ‘ಸ್ಲ್ಯಾಮ್ ಡಂಕ್’ ಸರಿ, ಆದರೆ ಒಂದು ವಿದ್ಯೆಯ ಹಿಂದೆ ಬಿದ್ದ ಹದಿಹರೆಯದವರ ಒಗ್ಗಟ್ಟು ಹಿಡಿಸಿದ್ದರೆ, ನೂರು ಪ್ರಾಚೀನ ಕವಿತೆಗಳ ಎಲೆಗಳನ್ನು ಕಿವಿಯಿಂದ ಕೇಳಿ ಕೈಯಿಂದ ಸೆಳೆಯುವ ಕರುತಾ ಆಟದ ‘ಚಿಹಾಯಾಫುರು’ ಅದಕ್ಕಿಂತ ಆಳಕ್ಕೆ ಇಳಿಯುತ್ತದೆ.

ಹೆಜ್ಜೆ 3: ಹೋಲಿಕೆಯ ಎಳೆಗಳನ್ನು ಬಿಡಿಸಿ

ಕೇಳಿದವರ ಉತ್ತರ ಸಿಕ್ಕ ಮೇಲೆ ಆ ಕೃತಿಯನ್ನು ಎಳೆ ಎಳೆಯಾಗಿ ಬಿಡಿಸಿ, ಯಾವ ಎಳೆ ಅವರದು ಎಂದು ಗುರುತಿಸಬೇಕು. ಇದನ್ನು ಎರಡು ಉದಾಹರಣೆಗಳ ಮೂಲಕ ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ಕೆಲಸದ ಜೀವ ಇರುವುದು ಇಲ್ಲಿ.

ಮೊದಲನೆಯದು ಮಕೊತೊ ಶಿಂಕಾಯ್ ಅವರ 2016ರ ‘ಯುವರ್ ನೇಮ್’. ಭಾರತದಲ್ಲಿ ಅನೇಕರು ಅನಿಮೆ ಚಲನಚಿತ್ರಗಳ ಕಡೆ ತಿರುಗಿದ್ದು ಶಿಂಕಾಯ್ ಅವರಿಂದ. 2019ರಲ್ಲಿ ಅಭಿಮಾನಿಗಳು ಆನ್‌ಲೈನ್ ಮನವಿಗೆ ಸಹಿ ಹಾಕಿ ಒತ್ತಾಯಿಸಿದ ಬಳಿಕ ಅವರ ‘ವೆದರಿಂಗ್ ವಿತ್ ಯು’ ನಮ್ಮ ಚಿತ್ರಮಂದಿರಗಳಿಗೂ ಬಂತು. ‘ಯುವರ್ ನೇಮ್’ ಮೆಚ್ಚಿದವರು ಆಕಾಶ, ಮಳೆಹನಿ, ರೈಲಿನ ಕಿಟಕಿಯ ಬೆಳಕನ್ನು ನೆನೆದರೆ, 46 ನಿಮಿಷಗಳ ‘ದ ಗಾರ್ಡನ್ ಆಫ್ ವರ್ಡ್ಸ್’ ಹೇಳಿ; ಮಳೆಯನ್ನು ಅಷ್ಟು ಪ್ರೀತಿಯಿಂದ ಬಿಡಿಸಿದ ಚಿತ್ರಗಳು ಕಡಿಮೆ, ಮಲೆನಾಡಿನ ಮಳೆ ಕಂಡವರಿಗೆ ಅದು ಬೇಗ ಒಳಗಿಳಿಯುತ್ತದೆ. ಇಬ್ಬರ ನಡುವಿನ ದೂರ ಅವರನ್ನು ಕಲಕಿದ್ದರೆ 2007ರ ‘ಫೈವ್ ಸೆಂಟಿಮೀಟರ್ಸ್ ಪರ್ ಸೆಕೆಂಡ್’ ಇದೆ. ಆದರೆ ಅದು ‘ಯುವರ್ ನೇಮ್’ ಕೊಡುವ ಸಮಾಧಾನವನ್ನು ಕೊಡುವುದಿಲ್ಲ ಎಂದು ಒಂದು ಮಾತು ಸೇರಿಸಿ. ಕಾಲದ ಗಂಟು ಬಿಡಿಸುವ ಕುತೂಹಲ ಇಷ್ಟವಾಗಿದ್ದರೆ ಮಮೊರು ಹೊಸೊದಾ ಅವರ 2006ರ ‘ದ ಗರ್ಲ್ ಹೂ ಲೆಪ್ಟ್ ಥ್ರೂ ಟೈಮ್’ ಹೊಂದುತ್ತದೆ. ರ‍್ಯಾಡ್‌ವಿಂಪ್ಸ್ ತಂಡದ ಹಾಡುಗಳನ್ನು ಇನ್ನೂ ಗುನುಗುತ್ತಿದ್ದರೆ ಅದೇ ತಂಡದ ಸಂಗೀತವಿರುವ ‘ವೆದರಿಂಗ್ ವಿತ್ ಯು’ ಮತ್ತು ‘ಸುಜುಮೆ’. ಇವುಗಳಲ್ಲಿ ‘ಸುಜುಮೆ’ 2011ರ ಭೂಕಂಪ ಮತ್ತು ಸುನಾಮಿಯ ಗಾಯವನ್ನು ನೇರವಾಗಿ ಮುಟ್ಟುವುದರಿಂದ, ನೈಸರ್ಗಿಕ ವಿಪತ್ತಿನ ಎಳೆಯನ್ನು ಹಿಡಿದುಕೊಂಡವರಿಗೆ ಅದೇ ಮೊದಲ ಆಯ್ಕೆ. ಹದಿಹರೆಯದ ಒಳತೋಟಿ ಬೇಕೆನ್ನುವವರಿಗೆ ನವೊಕೊ ಯಮದಾ ಅವರ ‘ಎ ಸೈಲೆಂಟ್ ವಾಯ್ಸ್’ ಸೂಚಿಸುವ ಅಭ್ಯಾಸ ಎಲ್ಲರಿಗೂ ಇದೆ. ಅದು ಬಹಳ ಒಳ್ಳೆಯ ಚಿತ್ರ, ಆದರೆ ಕಿವುಡು ಹುಡುಗಿಯೊಬ್ಬಳಿಗೆ ಸಹಪಾಠಿಗಳು ಕೊಡುವ ಹಿಂಸೆಯೂ ಆತ್ಮಹತ್ಯೆಯ ಪ್ರಸ್ತಾಪವೂ ಅದರಲ್ಲಿವೆ. ಇದನ್ನು ತಿಳಿಸದೆ ಅದನ್ನು ಪ್ರೇಮಕಥೆಯೆಂಬಂತೆ ಕೊಡಬಾರದು.

ಎರಡನೆಯದು 2023ರಲ್ಲಿ ಆರಂಭವಾಗಿ 28 ಕಂತುಗಳಲ್ಲಿ ಮೊದಲ ಸೀಸನ್ ಮುಗಿಸಿದ ‘ಫ್ರೀರೆನ್’. ರಾಕ್ಷಸರಾಜನನ್ನು ಸೋಲಿಸಿ ಬಂದ ನಾಲ್ವರಲ್ಲಿ ಮೂವರು ಮುಪ್ಪಾಗುತ್ತಾರೆ. ಸಾವಿರ ವರ್ಷ ಬಾಳುವ ಎಲ್ಫ್ ಮಂತ್ರವಾದಿನಿ ಮಾತ್ರ ಹಾಗೆಯೇ ಉಳಿದು, ಜೊತೆಗಿದ್ದಾಗ ತಿಳಿಯದ ಪ್ರೀತಿಯನ್ನು ಸಂಗಾತಿ ತೀರಿಹೋದ ಮೇಲೆ ತಿಳಿಯಲು ಹೊರಡುತ್ತಾಳೆ. ಕತ್ತಿ, ಮಂತ್ರ, ಡ್ರ್ಯಾಗನ್ ಇವೆಯೆಂದು ಇದಕ್ಕೆ ಯುದ್ಧದ ಫ್ಯಾಂಟಸಿಗಳನ್ನು ಹೋಲಿಸುವವರು ಬಹಳ. ಅಗಲಿಕೆಯ ಮೆಲುನೋವು ಯಾರ ಮನಸ್ಸಿನಲ್ಲಿ ಉಳಿಯಿತೋ ಅವರಿಗೆ ಮಾರಿ ಒಕಾದಾ ಅವರ 2018ರ ‘ಮಾಕಿಯಾ’ ಚಲನಚಿತ್ರದಷ್ಟು ಹತ್ತಿರದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ: ವಯಸ್ಸಾಗದ ಹುಡುಗಿಯೊಬ್ಬಳು ಅನಾಥ ಮನುಷ್ಯಶಿಶುವನ್ನು ಸಾಕುತ್ತಾಳೆ, ಮಗ ಬೆಳೆಯುತ್ತಾ ಹೋಗುತ್ತಾನೆ. ಯುದ್ಧದಲ್ಲಿ ಬೆಳೆದ ಹುಡುಗಿ ಬೇರೆಯವರ ಪತ್ರಗಳನ್ನು ಬರೆದುಕೊಡುತ್ತಾ ಭಾವನೆಗಳ ಹೆಸರು ಕಲಿಯುವ ‘ವೈಲೆಟ್ ಎವರ್‌ಗಾರ್ಡನ್’ ಅದರ ನಂತರದ್ದು. ಊರಿಂದೂರಿಗೆ ಸಾಗುವ ನಿಧಾನದ ನಡಿಗೆ ಇಷ್ಟವಾದವರಿಗೆ ‘ಮುಶಿಶಿ’: ಕಣ್ಣಿಗೆ ಕಾಣದ ಜೀವಿಗಳಿಂದ ಬಾಧೆಗೊಳಗಾದವರನ್ನು ನೋಡಿಕೊಳ್ಳುತ್ತಾ ಗಿಂಕೊ ಎಂಬ ಅಲೆಮಾರಿ ಬೆಟ್ಟ, ಕಾಡು, ಕಡಲತೀರಗಳಲ್ಲಿ ಸುತ್ತುತ್ತಾನೆ, ಪ್ರತಿ ಕಂತೂ ತನ್ನಷ್ಟಕ್ಕೆ ಒಂದು ಸಣ್ಣಕಥೆ. ನನ್ನ ಮಟ್ಟಿಗೆ ಅನಿಮೆ ಮಾಧ್ಯಮ ಮುಟ್ಟಿದ ಎತ್ತರಗಳಲ್ಲಿ ಅದೊಂದು. ಆದರೂ ಎಲ್ಲರಿಗೂ ಅದನ್ನು ಹೇಳುವ ಆಸೆಯನ್ನು ನಾನು ಕಷ್ಟಪಟ್ಟು ತಡೆದುಕೊಳ್ಳುತ್ತೇನೆ, ಏಕೆಂದರೆ ‘ಫ್ರೀರೆನ್’ನಲ್ಲಿ ಮಂತ್ರವಿದ್ಯೆಯ ಪರೀಕ್ಷೆಯ ಕಂತುಗಳೇ ಇಷ್ಟವಾದವರಿಗೆ ‘ಮುಶಿಶಿ’ಯಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅವರಿಗೆ, ಕತ್ತಲ ಕೋಟೆಯೊಳಗೆ ಇಳಿದು ರಾಕ್ಷಸ ಪ್ರಾಣಿಗಳನ್ನೇ ಅಡುಗೆ ಮಾಡಿ ಉಣ್ಣುವ ತಂಡದ ‘ಡೆಲಿಶಸ್ ಇನ್ ಡಂಜನ್’ ಹೇಳಿ.

ನರಭಕ್ಷಕ ದೈತ್ಯರಿಗೆ ಹೆದರಿ ಗೋಡೆಗಳೊಳಗೆ ಬದುಕುವವರ ಕಥೆಯಾದ ‘ಅಟ್ಯಾಕ್ ಆನ್ ಟೈಟನ್’ ಬಗೆಗೂ ಇದೇ ಮಾತು. ದ್ವೇಷ ತಲೆಮಾರಿನಿಂದ ತಲೆಮಾರಿಗೆ ಸಾಗುವ ಬಗೆ ತಟ್ಟಿದ್ದರೆ ‘ವಿನ್‌ಲ್ಯಾಂಡ್ ಸಾಗಾ’, ಅದೂ ಎರಡನೆಯ ಸೀಸನ್ ಹೊಲದಲ್ಲಿ ನಿಧಾನವಾಗಿ ನಡೆಯುತ್ತದೆ ಎಂಬ ಎಚ್ಚರಿಕೆಯೊಂದಿಗೆ. ಗೋಡೆಯಾಚೆಯ ಸತ್ಯವನ್ನು ಸಮಾಜ ಮುಚ್ಚಿಟ್ಟ ಬಗೆ ಬೇಕಿದ್ದರೆ 25 ಕಂತುಗಳ ‘ಫ್ರಮ್ ದ ನ್ಯೂ ವರ್ಲ್ಡ್’.

ಹೆಜ್ಜೆ 4: ಸಮಯ, ವಯಸ್ಸು, ಭಾಷೆ ನೋಡಿ

ಒಂದು ಕಂತು ಸಾಮಾನ್ಯವಾಗಿ 24 ನಿಮಿಷ. 12 ಕಂತುಗಳ ಸರಣಿ ಐದು ಗಂಟೆಯೊಳಗೆ, ಒಂದು ರಜೆಯ ದಿನದಲ್ಲಿ ಮುಗಿಯುತ್ತದೆ; 64 ಕಂತುಗಳ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ಗೆ ಇಪ್ಪತ್ತೈದು ಗಂಟೆಗೂ ಹೆಚ್ಚು ಬೇಕು; ‘ಮಾನ್‌ಸ್ಟರ್’ಗೆ ಸುಮಾರು ಮೂವತ್ತು ಗಂಟೆ. ‘ನರುತೊ’ದ 220 ಮತ್ತು ಅದರ ಮುಂದುವರಿಕೆಯಾದ ‘ಶಿಪ್ಪುದೆನ್’ನ 500 ಕಂತುಗಳನ್ನು ನೋಡಿದವರಿಗೆ ಉದ್ದದ ಭಯವಿಲ್ಲ, 1999ರಿಂದ ನಡೆದುಬಂದಿರುವ ‘ಒನ್ ಪೀಸ್’ ಅನ್ನೂ ಅವರಿಗೆ ಹೇಳಬಹುದು. ಪರೀಕ್ಷೆ ಹತ್ತಿರವಿರುವ ವಿದ್ಯಾರ್ಥಿಗೆ ಅದನ್ನು ಹೇಳಬಾರದು. ಒಂದೂವರೆ ಗಂಟೆಯ ಚಲನಚಿತ್ರ ಸಾಕು.

ವಯಸ್ಸಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನಮ್ಮಲ್ಲಿ ಇನ್ನೂ ಹಲವು ಮನೆಗಳಲ್ಲಿ ಬಿಡಿಸಿದ ಚಿತ್ರವೆಂದರೆ ಮಕ್ಕಳದು ಎಂಬ ನಂಬಿಕೆ ಇರುವುದರಿಂದ, ಹೆಸರು ಹೇಳುವ ನಾವೇ ಕಾವಲುಗಾರರಾಗಬೇಕಾಗುತ್ತದೆ. 2017ರ ‘ಮೇಡ್ ಇನ್ ಅಬಿಸ್’ನಲ್ಲಿ ದುಂಡು ಮುಖದ ಪುಟ್ಟ ಮಕ್ಕಳು ಅತಿ ಆಳದ ಕಂದಕವೊಂದಕ್ಕೆ ಇಳಿಯುತ್ತಾರೆ, ಪೋಸ್ಟರ್ ನೋಡಿದವರು ಇದು ಮಕ್ಕಳ ಸಾಹಸವೆಂದೇ ತಿಳಿಯುತ್ತಾರೆ, ಆದರೆ ಒಳಗಿರುವ ದೇಹಹಿಂಸೆಯ ದೃಶ್ಯಗಳನ್ನು ದೊಡ್ಡವರೂ ಕಷ್ಟಪಟ್ಟು ನೋಡುತ್ತಾರೆ. ಹೆಸರು ಕೇಳಿದವರು ಯಾರ ಜೊತೆ ಕುಳಿತು ನೋಡುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ.

ಭಾಷೆಯ ಪ್ರಶ್ನೆ ನಮ್ಮಲ್ಲಿ ನಿಜವಾದದ್ದು. ಇಂಗ್ಲಿಷ್ ಸಬ್‌ಟೈಟಲ್ ಓದುವ ವೇಗ ಎಲ್ಲರಿಗೂ ಇರುವುದಿಲ್ಲ. ಮಾತೇ ತುಂಬಿರುವ, ಓದಿ ಮುಗಿಸುವಷ್ಟರಲ್ಲಿ ಸಾಲು ಬದಲಾಗುವ ಸರಣಿಗಳನ್ನು ಅಂಥವರಿಗೆ ಹೇಳಿದರೆ ಅವರು ಚಿತ್ರ ನೋಡುವುದೇ ಇಲ್ಲ, ಅಕ್ಷರ ಮಾತ್ರ ನೋಡುತ್ತಾರೆ. ಅಜ್ಜಿಯ ಜೊತೆ ನೋಡಲು ಏನಾದರೂ ಹೇಳಿ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ ನಾನು ಘಿಬ್ಲಿ ಸಹನಿರ್ಮಾಣದ 2016ರ ‘ದ ರೆಡ್ ಟರ್ಟಲ್’ ಸೂಚಿಸಿದೆ. ಎಂಬತ್ತು ನಿಮಿಷಗಳ ಆ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಅನಿಮೆ ನೋಡಿಯೇ ಇಲ್ಲ ಎನ್ನುವ ನಲವತ್ತು ದಾಟಿದವರಿಗೆ ಒಂದು ವಿಷಯ ನೆನಪಿಸಬಹುದು. ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತು ಅವರು ನೋಡಿದ ಮೋಗ್ಲಿಯ ‘ಜಂಗಲ್ ಬುಕ್’ ಜಪಾನಿನ ನಿಪ್ಪಾನ್ ಅನಿಮೇಷನ್ ತಯಾರಿಸಿದ ಸರಣಿ. ಆ ನೆನಪು ಬೆಚ್ಚಗಿರುವವರಿಗೆ ಇಸಾವೊ ತಕಹಾತಾ 1974ರಲ್ಲಿ ನಿರ್ದೇಶಿಸಿದ ‘ಹೈಡಿ’ ಹೇಳಿ. ಯುಗೊ ಸಾಕೊ ಮತ್ತು ರಾಮ್ ಮೋಹನ್ ಸೇರಿ ಮಾಡಿದ, ಜಪಾನ್ ಮತ್ತು ಭಾರತದ ಕಲಾವಿದರು ಒಟ್ಟಿಗೆ ದುಡಿದ ರಾಮಾಯಣದ ಅನಿಮೆ ಚಲನಚಿತ್ರವೂ ಅಂಥವರಿಗೆ ಒಳ್ಳೆಯ ಬಾಗಿಲು.

ಸೂಚಿಸುವ ದಿನ ಆ ಕೃತಿ ನಮ್ಮ ದೇಶದಲ್ಲಿ ಅಧಿಕೃತವಾಗಿ ಎಲ್ಲಿ ಸಿಗುತ್ತದೆ ಎಂದು ನೋಡಿಕೊಳ್ಳಿ. ಪರವಾನಗಿಗಳು ಓಟಿಟಿಯಿಂದ ಓಟಿಟಿಗೆ ಬದಲಾಗುತ್ತಿರುತ್ತವೆ. ಕಳ್ಳಪ್ರತಿಯ ಕೊಂಡಿ ಕೊಡಬೇಡಿ. ಕಡಿಮೆ ಸಂಬಳಕ್ಕೆ ರಾತ್ರಿಯಿಡೀ ಚಿತ್ರ ಬಿಡಿಸುವ ಕಲಾವಿದರ ಮಾಧ್ಯಮ ಇದು.

ಹೆಜ್ಜೆ 5: ಮೂರೇ ಹೆಸರು, ಕಾರಣದೊಂದಿಗೆ

ಇಪ್ಪತ್ತು ಹೆಸರುಗಳ ಪಟ್ಟಿ ಯಾವ ಓಟಿಟಿಯೂ ಕೊಡುತ್ತದೆ. ನೀವು ಮೂರು ಕೊಡಿ: ಬಹಳ ಹತ್ತಿರದ್ದು ಒಂದು, ಒಂದೇ ಎಳೆಯಲ್ಲಿ ಹೋಲುವುದು ಒಂದು, ಅವರು ತಾವಾಗಿ ಎಂದೂ ಆರಿಸದ ದೂರದ್ದು ಒಂದು. ಪ್ರತಿಯೊಂದಕ್ಕೂ ಯಾವುದರಲ್ಲಿ ಹೋಲಿಕೆ, ಯಾವುದರಲ್ಲಿ ವ್ಯತ್ಯಾಸ, ಎಷ್ಟು ಕಂತು ತಾಳ್ಮೆ ಬೇಕು ಎಂಬ ಮೂರು ಮಾತು ಸೇರಿಸಿ. ಉದಾಹರಣೆಗೆ: ‘ಕಾಲವನ್ನು ಹಿಂದಕ್ಕೆ ತಿರುಗಿಸಿ ತಪ್ಪನ್ನು ಸರಿಪಡಿಸುವ ಕಥೆ ಇಷ್ಟವೆಂದಿರಿ, ಸ್ಟೈನ್ಸ್ ಗೇಟ್ ನೋಡಿ. ಇದರಲ್ಲಿ ಹೊಡೆದಾಟ ಕಡಿಮೆ, ಮಾತು ಹೆಚ್ಚು. 24 ಕಂತುಗಳಲ್ಲಿ ಮೊದಲರ್ಧ ನಿಧಾನ, ಆದರೆ ಅಲ್ಲಿ ಸುಮ್ಮನೆ ಆಡಿದಂತೆ ಕಾಣುವ ಮಾತುಗಳೆಲ್ಲ ದ್ವಿತೀಯಾರ್ಧದಲ್ಲಿ ಬೇಕಾಗುತ್ತವೆ.’ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆನ್ನುತ್ತಾರೆ. ಇಂಥ ಸರಣಿಗಳಿಗೆ ಆ ಪರೀಕ್ಷೆ ಸಲ್ಲುವುದಿಲ್ಲ, ಹಾಗೆಂದು ಮೊದಲೇ ಹೇಳದಿದ್ದರೆ ಅವರು ಒಂದನೇ ಕಂತಿಗೇ ಎದ್ದುಹೋಗುತ್ತಾರೆ.

ಎಲ್ಲಿಂದ ಆರಂಭಿಸಬೇಕು ಎಂಬುದನ್ನೂ ತಿಳಿಸಬೇಕು. 2003ರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ತಯಾರಾಗುವಾಗ ಮಂಗಾ ಮುಗಿದಿರಲಿಲ್ಲವಾದ್ದರಿಂದ ಅದು ಅರ್ಧದಿಂದ ತನ್ನದೇ ದಾರಿ ಹಿಡಿಯಿತು. 2009ರ ‘ಬ್ರದರ್‌ಹುಡ್’ ಮಂಗಾವನ್ನು ಅನುಸರಿಸಿತು. ಇವು ಒಂದರ ಮುಂದುವರಿಕೆ ಇನ್ನೊಂದಲ್ಲ. 1995ರ ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ನ 26 ಕಂತುಗಳನ್ನು ನೋಡಿ ಗೊಂದಲಗೊಂಡವರಿಗೆ 1997ರ ಚಲನಚಿತ್ರ ಬಾಕಿ ಇದೆಯೆಂದು ಗೊತ್ತೇ ಇರುವುದಿಲ್ಲ. ‘ನರುತೊ’ದಂಥ ದೀರ್ಘ ಸರಣಿಗಳಲ್ಲಿ ಮಂಗಾದಲ್ಲಿಲ್ಲದ ಫಿಲ್ಲರ್ ಕಂತುಗಳು ಸಾಲುಗಟ್ಟಿ ಬರುತ್ತವೆ, ಬಿಟ್ಟರೆ ಕಥೆಗೆ ನಷ್ಟವಿಲ್ಲ ಎಂದು ಹೇಳಿದರೆ ಹತ್ತಾರು ಗಂಟೆ ಉಳಿಸಿದಂತಾಗುತ್ತದೆ.

ಇಲ್ಲಿ ಅನುಭವಿಗಳೂ ಎಡವುವ ಒಂದು ಜಾಗವಿದೆ. ಕೆಲವೊಮ್ಮೆ ಹೋಲಿಕೆಯೇ ಸ್ಪಾಯ್ಲರ್ ಆಗುತ್ತದೆ, ಅಂದರೆ ಕಥೆಯ ಗುಟ್ಟನ್ನು ಮೊದಲೇ ಬಿಟ್ಟುಕೊಡುತ್ತದೆ. ನಡುವೆ ಬರುವ ತಿರುವಿನಿಂದಲೇ ಹೆಸರಾದ ಸರಣಿಯೊಂದನ್ನು ತೋರಿಸಿ ‘ಇದೂ ಅದರಂತೆಯೇ’ ಎಂದರೆ, ಇದರಲ್ಲೂ ಅಂಥ ತಿರುವಿದೆ ಎಂಬುದು ಕೇಳಿದವರಿಗೆ ತಿಳಿದುಹೋಯಿತು. ಅವರು ಮೊದಲ ಕಂತಿನಿಂದಲೇ ಅನುಮಾನದ ಕಣ್ಣಿನಿಂದ ನೋಡುತ್ತಾರೆ. ಯಾವ ಸರಣಿಗಳು ಎಂದು ಇಲ್ಲಿ ಹೆಸರಿಸಿದರೆ ನಾನೇ ಆ ತಪ್ಪನ್ನು ಮಾಡಿದಂತಾಗುತ್ತದೆ. ಇಂಥ ಕಡೆ ತಿರುವನ್ನು ಬಿಟ್ಟು, ಬಣ್ಣ, ಸಂಗೀತ, ಪಾತ್ರಗಳ ಸ್ನೇಹ ಇವುಗಳಲ್ಲಿ ಕಾಣುವ ಹೋಲಿಕೆಯನ್ನು ಹೇಳಿ.

ಹೆಜ್ಜೆ 6: ಮತ್ತೆ ಕೇಳಿ, ಬರೆದಿಡಿ

ಎರಡು ವಾರದ ಬಳಿಕ ಏನಾಯಿತೆಂದು ವಿಚಾರಿಸಿ. ಇಷ್ಟವಾಗಲಿಲ್ಲ ಎಂಬ ಉತ್ತರ ಬಂದರೆ ಸರಣಿಯ ಪರವಾಗಿ ವಾದ ಹೂಡದೆ, ಎಲ್ಲಿ ನಿಲ್ಲಿಸಿದರು ಎಂದಷ್ಟೇ ಕೇಳಿ. ನನ್ನ ಸ್ನೇಹಿತರೊಬ್ಬರು ‘ಮಾನ್‌ಸ್ಟರ್’ ಅನ್ನು ಹತ್ತನೇ ಕಂತಿಗೆ ಬಿಟ್ಟರು. ನೈತಿಕ ಪ್ರಶ್ನೆ ಹಿಡಿಸಿತು, ನಡಿಗೆ ಹಿಡಿಸಲಿಲ್ಲ ಎಂದರು; ಅವರಿಗೆ ‘ಸೈಕೋ ಪಾಸ್’ ಹೇಳಿದೆ, ಒಂದು ವಾರದಲ್ಲಿ 22 ಕಂತುಗಳನ್ನೂ ಮುಗಿಸಿದರು. ಬಿಟ್ಟ ಸರಣಿಯೇ ಮುಂದಿನದಕ್ಕೆ ದಾರಿ ತೋರಿಸಿತ್ತು. ಹೀಗೆ ಯಾರು ಏನನ್ನು ಮೆಚ್ಚಿದರು, ಎಲ್ಲಿ ಬಿಟ್ಟರು ಎಂಬುದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಎದುರು ಒಂದೊಂದು ಸಾಲಾಗಿ ಬರೆದಿಡುತ್ತೇನೆ.

ಆ ನೋಟ್‌ಬುಕ್ಕಿನ ಮೊದಲ ಹೆಸರು ಚಿಕ್ಕಮ್ಮನ ಮಗಳ ಆ ಏಳು ವರ್ಷದ ಹುಡುಗಿಯದು. ನಿದ್ದೆಗೆಟ್ಟ ಆ ಘಟನೆಯ ಕೆಲವು ತಿಂಗಳ ನಂತರ ಅವರ ಮನೆಗೆ ಹೋದಾಗ, ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವಳಿಗೆ ಕೇಳಿದೆ: ‘ಟೊಟೊರೊದಲ್ಲಿ ನಿನಗೆ ಏನು ನೆನಪಿದೆ, ಪುಟ್ಟಿ?’ ಕಾಡೂ ಅಲ್ಲ, ಅಕ್ಕ ತಂಗಿಯರೂ ಅಲ್ಲ, ಟೊಟೊರೊ ಕೂಡ ಅಲ್ಲ. ‘ಬೆಕ್ಕಿನ ಬಸ್ಸು’ ಎಂದಳು. ಆ ಸಂಜೆ ನಾವು ಜಿಜಿ ಎಂಬ ಕರಿಬೆಕ್ಕನ್ನು ಜೊತೆಗಿಟ್ಟುಕೊಂಡು ಪೊರಕೆಯ ಮೇಲೆ ಹಾರುವ ಹುಡುಗಿಯ ‘ಕಿಕೀಸ್ ಡೆಲಿವರಿ ಸರ್ವಿಸ್’ ನೋಡಿದೆವು. ಮುಂದಿನ ಭಾನುವಾರಕ್ಕೆ ಬೆಕ್ಕುಗಳ ರಾಜ್ಯಕ್ಕೇ ಕರೆದೊಯ್ಯುವ ‘ದ ಕ್ಯಾಟ್ ರಿಟರ್ನ್ಸ್’ ಎಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆ.